ಪಾಲಮ್ಮನ ಅಂಚು

ಅಂಗಡಿಯವನು ಸೀರೆಯನ್ನು ಒಂದು ಸಲ ಗಾಳಿಗೆ ಬೀಸಿ ಗಾದಿಯ ಮೇಲೆ ಬಿಟ್ಟ. ಅದು ನೀರಿನ ಹಾಗೆ ಹರಡಿಕೊಂಡು, ಗೋಡೆಗೆ ಒರಗಿ ಕೂತಿದ್ದ ಪಾಲಾಕ್ಷನ ಮೊಣಕಾಲಿನ ತನಕ ಬಂದು ನಿಂತಿತು. ಕೈಯಲ್ಲಿದ್ದ ಶರಬತ್ತಿನ ಲೋಟವನ್ನು ಅವನು ಕೆಳಗಿಟ್ಟ. ಸೀರೆಯ ಮೇಲೆ ಚೆಲ್ಲೀತೆಂದು ಇಟ್ಟನೆಂದೇ ಎಲ್ಲರೂ ತಿಳಿದರು.

ಚಳ್ಳಕೆರೆಯ ಪೇಟೆ ಬೀದಿಯ ಆ ಜವಳಿ ಅಂಗಡಿಗೆ ಗಂಡಿನ ಕಡೆಯವರು ಪರಶುರಾಂಪುರದಿಂದ ಒಂದು ಟೆಂಪೊ ತುಂಬ ಬಂದಿದ್ದರು. ಹೆಣ್ಣಿನ ಕಡೆಯಿಂದ ಬಂದವರು ಇಬ್ಬರೇ: ಮದುಮಗಳು ನಾಗರತ್ನ, ಅವಳ ಸೋದರಮಾವ ಪಾಲಾಕ್ಷ. ನಾಗರತ್ನಳ ತಾಯಿ ಹೊನ್ನಕ್ಕ ಮೊಳಕಾಲ್ಮುರಿನಿಂದ ಬಂದಿರಲಿಲ್ಲ. ಮಗಳ ಧಾರೆ ಸೀರೆ ಮಗ್ಗದ ಮೇಲಿತ್ತು. ಅದು ಇಳಿಯುವ ತನಕ ಊರು ಬಿಟ್ಟು ಕದಲುವುದಿಲ್ಲ ಎಂದಿದ್ದಳು. ಧಾರೆ ಸೀರೆ ಕೊಳ್ಳುವ ಮಾತೇ ಇಲ್ಲದ್ದರಿಂದ ವ್ಯಾಪಾರ ಬೇಗ ಮುಗಿಯುತ್ತ ಬಂದಿತ್ತು. ಉಳಿದದ್ದು ಗಂಡಿನ ತಾಯಿ ಗೀತಮ್ಮ ತಮ್ಮ ನಾದಿನಿ, ಓರಗಿತ್ತಿಯರಿಗೆ ಉಡುಗೊರೆ ಕೊಡಬೇಕಾದ ಸೀರೆಗಳು.

"ಎಲ್ಲಾರ್ಗೂ ಒಂದೇ ನಮೂನಿ ಕೊಡಪ್ಪ, ಬಣ್ಣ ಬ್ಯಾರೆ ಇರ್ಲಿ," ಎಂದರು ಗೀತಮ್ಮ. "ಇಲ್ದಿದ್ರೆ ನಂದ್ಯಾಕಿಂಗೆ, ಅವ್ಳ್ದ್ಯಾಕಂಗೆ ಅಂತ ಮದ್ವಿ ಮನ್ಯಾಗೆ ಮಕ ಊದಿಸ್ಕಂಡು ಕುಂತ್ಕಂತಾರೆ."

ಹೆಂಗಸರೆಲ್ಲ ನಕ್ಕರು. ಗಂಡಿನ ಸೋದರತ್ತೆ ಮೂಗಮ್ಮ ಆ ಸೀರೆಯ ಅಂಚನ್ನು ಎತ್ತಿ ಬೆಳಕಿಗೆ ಹಿಡಿದರು. ಪಾಲಿಯೆಸ್ಟರ್ ಸೀರೆ. ಒಗೆದಷ್ಟೂ ಹೊಳೆಯುತ್ತದೆಂದು ಅಂಗಡಿಯವನು ಹೇಳುತ್ತಿದ್ದ. ಅಂಚಿನುದ್ದಕ್ಕೂ ಒಂದು ಬಳ್ಳಿ, ಬಳ್ಳಿಯ ಮೇಲೆ ಸಾಲು ಗಿಣಿಗಳು. ಪಾಲಾಕ್ಷ ಮೊದಲನೆಯದನ್ನು ನೋಡಿದ, ಎರಡನೆಯದನ್ನು ನೋಡಿದ. ಮೂರನೆಯ ಗಿಣಿಯ ಕಾಲು ಬಳ್ಳಿಗೆ ತಾಗಿರಲಿಲ್ಲ. ಒಂದು ಎಳೆಯಷ್ಟು ಮೇಲೆ ನಿಂತಿತ್ತು. ಅವನು ತಲೆ ಎತ್ತಿದಾಗ ನಾಗರತ್ನ ಸೀರೆಯನ್ನಲ್ಲ, ಅವನನ್ನು ನೋಡುತ್ತಿದ್ದಳು.

ಆ ಅಂಚಿಗೆ ಹೆಸರೆಂದು ಒಂದಿರಲಿಲ್ಲ. ಮೊಳಕಾಲ್ಮುರಿನ ಅವರ ಬೀದಿಯಲ್ಲಿ ಅದನ್ನು ಪಾಲಮ್ಮನ ಅಂಚು ಎನ್ನುತ್ತಿದ್ದರು. ಪಾಲಮ್ಮ ಎಂದರೆ ಹೊನ್ನಕ್ಕ ಮತ್ತು ಪಾಲಾಕ್ಷ ಇಬ್ಬರ ತಾಯಿ. ವರ್ಷವೆಲ್ಲ ಸಾಹುಕಾರರು ಹೇಳಿದ ನಮೂನೆಯನ್ನೇ ನೇಯುತ್ತಿದ್ದ ಆಕೆ ತನ್ನ ಮನೆಯಿಂದ ಹೊರಡುವ ಹೆಣ್ಣುಮಕ್ಕಳಿಗೆಂದು ಒಂದು ಅಂಚನ್ನು ತಾನೇ ಬರೆದು, ಅದಕ್ಕೆ ತಕ್ಕ ಹಾಗೆ ಮಗ್ಗದ ಎಳೆಗಳನ್ನು ಎತ್ತಿಸುವ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು, ದಾರದಲ್ಲಿ ಪೋಣಿಸಿಟ್ಟಿದ್ದಳು. ಹೀಗೆ ತಮ್ಮದೇ ಒಂದು ಅಂಚು ಆ ಬೀದಿಯ ಎಷ್ಟೋ ಮನೆಗಳಿಗಿತ್ತು. ಬೇರೆ ನಮೂನೆಗಳ ಕಾರ್ಡುಗಳು ಒಂದು ಮಗ್ಗದಿಂದ ಇನ್ನೊಂದು ಮಗ್ಗಕ್ಕೆ ಮೊರ, ಜರಡಿಗಳ ಹಾಗೆ ಓಡಾಡುತ್ತಿದ್ದವು. ಮನೆ ಅಂಚಿನ ಕಾರ್ಡುಗಳು ಮಾತ್ರ ಹಳೆ ಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟದ ಮೇಲೆ ಇರುತ್ತಿದ್ದವು. ಅವನ್ನು ಮಾರುವ ಸೀರೆಗೆ ಹಾಕುತ್ತಿರಲಿಲ್ಲ, ಯಾರೂ ಎರವಲು ಕೇಳುತ್ತಿರಲಿಲ್ಲ. ಕೇಳಬಾರದೆಂದು ಯಾರೂ ಯಾರಿಗೂ ಹೇಳಿಕೊಟ್ಟದ್ದೂ ಇರಲಿಲ್ಲ.

ಮೂರನೆಯ ಗಿಣಿ ಪಾಲಮ್ಮನ ತಪ್ಪು. ಒಂದು ಕಾರ್ಡಿನಲ್ಲಿ ತೂತು ಪಕ್ಕಕ್ಕೆ ಬಿದ್ದಿತ್ತು; ಮತ್ತೆ ಹೊಡೆಯಲು ಆ ಹೊತ್ತಿಗೆ ರಟ್ಟು ಇರಲಿಲ್ಲ. ಹೊನ್ನಕ್ಕ ಕೇಳಿದಾಗ, ಅದು ಹಾರಾಕೆ ನಿಂತೈತೆ ಬಿಡು ಎಂದಿದ್ದಳಂತೆ. ಹೊನ್ನಕ್ಕನ ಮದುವೆಯಾದ ಮೇಲೆ ಪಾಲಮ್ಮ ಹೆಚ್ಚು ಕಾಲ ಇರಲಿಲ್ಲ. ಇನ್ನೂ ಚಿಕ್ಕವನಾಗಿದ್ದ ಪಾಲಾಕ್ಷ ಅದೇ ಊರಿನ ಅಕ್ಕನ ಮನೆಗೆ ಬಂದ. ಚಳಿಗಾಲದಲ್ಲಿ ಹೊನ್ನಕ್ಕ ತನ್ನ ಧಾರೆ ಸೀರೆಯನ್ನು ಮಡಿಸಿ ಅವನಿಗೆ ಹೊದಿಸುತ್ತಿದ್ದಳು. ಕಣ್ಣಿಗೆ ನಿದ್ದೆ ಹತ್ತುವ ತನಕ ಅವನು ಬೆರಳಿನಿಂದ ಗಿಣಿಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದ. ಲೋಕದಲ್ಲಿ ಅವನು ಚುಕ್ಕಿ ಚುಕ್ಕಿಯಾಗಿ ಬಲ್ಲ ಚಿತ್ರವೆಂದರೆ ಅದೊಂದೇ. ಆಮೇಲೆ ನಡೆದದ್ದಕ್ಕೆಲ್ಲ ಕಾರಣ ಅದೇ ಆಯಿತು.

ದಾವಣಗೆರೆಯಲ್ಲಿ ಎಂ.ಸಿ.ಎ. ಓದುವಾಗ ಅವನು ದೂರದೂರದ ಕಂಪ್ಯೂಟರುಗಳನ್ನು ಜೋಡಿಸಿ ಒಂದೇ ಕೆಲಸವನ್ನು ಹಂಚಿ ಮಾಡಿಸುವ ವಿದ್ಯೆಯ ಬಗ್ಗೆ ಓದಿದ್ದ. ಅದಕ್ಕೆ ಗ್ರಿಡ್ ಎನ್ನುತ್ತಿದ್ದರು. ಕರೆಂಟು ಎಲ್ಲಿ ತಯಾರಾಗುತ್ತದೆಂದು ತಿಳಿಯದೆಯೇ ನಾವು ಸ್ವಿಚ್ಚು ಒತ್ತುವ ಹಾಗೆ, ಲೆಕ್ಕ ಎಲ್ಲಿ ನಡೆಯುತ್ತಿದೆಯೆಂದು ತಿಳಿಯದೆಯೇ ಉತ್ತರ ಪಡೆಯಬಹುದು ಎಂದು ಆ ಪುಸ್ತಕದಲ್ಲಿತ್ತು. ಚಳ್ಳಕೆರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿ ಸೇರಿದ ಮೇಲೆ ಆ ಹೋಲಿಕೆ ನೆನಪಾದಾಗಲೆಲ್ಲ ಅವನಿಗೆ ನಗು ಬರುತ್ತಿತ್ತು. ಇಲ್ಲಿ ಸ್ವಿಚ್ಚು ಒತ್ತಿದರೆ ಸ್ವಿಚ್ಚಿನ ಸದ್ದಷ್ಟೇ ಬರುತ್ತಿತ್ತು.

ಆದರೆ ಕರೆಂಟು ಹೋಗುವುದಕ್ಕೂ ಒಂದು ಸರದಿ ಇತ್ತು. ಮೊಳಕಾಲ್ಮುರಿನಲ್ಲಿ ಬೆಳಿಗ್ಗೆ ಹೋದರೆ ಚಳ್ಳಕೆರೆಯಲ್ಲಿ ಮಧ್ಯಾಹ್ನ. ಪರಶುರಾಂಪುರದಲ್ಲಿ ಅದಕ್ಕೆ ಮನಸ್ಸು ಬಂದಾಗ. ಮೂರೂ ಕಡೆ ಒಟ್ಟಿಗೆ ಹೋಗುವುದು ಅಪರೂಪ. ಆ ಹೊತ್ತಿಗೆ ಮೊಳಕಾಲ್ಮುರಿನ ನೇಕಾರರ ಸಂಘವೊಂದಕ್ಕೆ ಕಂಪ್ಯೂಟರುಗಳು ಬಂದಿದ್ದವು. ಕೈಯಲ್ಲಿ ಬರೆದ ನಮೂನೆಯನ್ನು ಕಾರ್ಡಿನ ತೂತುಗಳ ಲೆಕ್ಕಕ್ಕೆ ತಿರುಗಿಸುವುದು, ಬಟ್ಟೆಯಾದ ಮೇಲೆ ಅದು ಹೇಗೆ ಕಾಣುತ್ತದೆಂದು ತೆರೆಯ ಮೇಲೆ ತೋರಿಸುವುದು ಅವುಗಳ ಕೆಲಸ. ಒಂದು ಸೀರೆಯ ಲೆಕ್ಕಕ್ಕೆ ಒಂದು ಯಂತ್ರ ಇಡೀ ಮುಂಜಾನೆ ತಿನ್ನುತ್ತಿತ್ತು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಪಾಲಾಕ್ಷ ಆ ಕೆಲಸವನ್ನು ತುಂಡು ಮಾಡಿ ಮೂರು ಊರಿಗೂ ಹಂಚುವ ಪ್ರೋಗ್ರಾಂ ಬರೆಯಲು ಕೂತ. ಕಾಲೇಜಿನ ಲ್ಯಾಬು, ಸಂಘದ ಕಚೇರಿ, ಪರಶುರಾಂಪುರದ ಜಂಪಣ್ಣನ ಎಸ್‌ಟಿಡಿ ಬೂತಿನ ಒಂದು ಕಂಪ್ಯೂಟರ್. ನಡುವೆ ಟೆಲಿಫೋನ್ ತಂತಿ. ಯಾವ ಊರಿನ ಯಂತ್ರ ಸುಮ್ಮನಾಯಿತೋ ಅದರ ತುಂಡು ಇನ್ನೊಂದಕ್ಕೆ.

ಅದನ್ನು ಅವನು ಬಿಡಿ ಬಿಡಿ ಭಾಗಗಳಾಗಿ ಬರೆದ. ಒಂದು ಭಾಗಕ್ಕೆ ಕತ್ತರಿಸುವುದಷ್ಟೇ ಗೊತ್ತು, ಒಂದಕ್ಕೆ ಹಂಚುವುದಷ್ಟೇ, ಒಂದಕ್ಕೆ ಬಂದದ್ದನ್ನು ಕೂಡಿಸುವುದಷ್ಟೇ. ಯಾವುದನ್ನು ಬೇಕಾದರೂ ಕಳಚಿ ಬೇರೆ ಕೆಲಸಕ್ಕೆ ಕೂರಿಸಬಹುದಿತ್ತು. ಒಮ್ಮೆ ಬರೆದದ್ದನ್ನು ಇನ್ನೊಮ್ಮೆ ಬರೆಯಬೇಡಿ, ಯಾರು ಬೇಕಾದರೂ ಎತ್ತಿಕೊಂಡು ಹೋಗಿ ಬಳಸುವ ಹಾಗೆ ಬರೆಯಿರಿ ಎಂದು ಅವನು ತರಗತಿಯಲ್ಲಿ ಹೇಳುತ್ತಿದ್ದ. ಹಾಗೆ ಹೇಳುವಾಗ ಅವನ ದನಿ ತುಸು ಏರುತ್ತಿತ್ತು.

ಪರೀಕ್ಷಿಸುವ ಭಾಗವೂ ಒಂದಿತ್ತು. ಹೊಸ ಯಂತ್ರ ಸೇರಿಕೊಂಡರೆ ಅದು ಸರಿಯಾಗಿ ಲೆಕ್ಕ ಮಾಡುತ್ತದೆಂದು ನಂಬುವುದು ಹೇಗೆ? ಮೊದಲು ಉತ್ತರ ಗೊತ್ತಿರುವ ಒಂದು ನಮೂನೆಯನ್ನು ಕೊಟ್ಟು ನೋಡಬೇಕು. ಅದಕ್ಕೆ ಒಂದೇ ಒಂದು ಚುಕ್ಕಿ ತಪ್ಪಿದರೂ ಪಾಲಾಕ್ಷನ ಕಣ್ಣಿಗೆ ಬೀಳುವಂಥ ಚಿತ್ರ ಬೇಕಿತ್ತು. ಅವನು ಮೊಳಕಾಲ್ಮುರಿಗೆ ಹೋಗಿ, ತಾಯಿ ಅಂಚು ಬರೆದಿದ್ದ ಚೌಕಳಿ ಹಾಳೆಯನ್ನು ಅಕ್ಕನಿಂದ ಕೇಳಿ ತಂದ. ಹೊನ್ನಕ್ಕ ಏನೂ ಕೇಳದೆ ಅಟ್ಟದಿಂದ ತೆಗೆದು ಕೊಟ್ಟಳು. ಅವನು ಅದನ್ನು ಚುಕ್ಕಿ ಚುಕ್ಕಿಯಾಗಿ ಕಂಪ್ಯೂಟರಿಗೆ ಹಾಕಿಕೊಂಡು, ಮುಂದಿನ ವಾರ ಹಾಳೆಯನ್ನು ಮಡಿಕೆ ಮುರಿಯದ ಹಾಗೆ ಹಿಂದಿರುಗಿಸಿದ. ಕಾಗದ ಮನೆಗೆ ಬಂದ ಮೇಲೆ ಅಂಚೂ ಬಂದಂತೆಯೇ ಎಂದು ಅವಳು ತಿಳಿದಳು. ಅವನು ಏನು ತಿಳಿದಿದ್ದ ಎಂಬುದು ಈಗ ಅವನಿಗೇ ಸರಿಯಾಗಿ ನೆನಪಿಲ್ಲ.

ಆಮೇಲೆ ಗಿಣಿಗಳನ್ನು ತೆಗೆದು ಬರಿಯ ಗೆರೆ, ಚೌಕಗಳನ್ನು ಹಾಕಿದರಾಯಿತು ಎಂದುಕೊಂಡಿದ್ದ. ಒಂದು ದಿನ ಲೆಕ್ಕದ ನಡುವೆ ಮೊಳಕಾಲ್ಮುರಿನಲ್ಲಿ ಕರೆಂಟು ಹೋಯಿತು. ಇವನು ಲ್ಯಾಬಿನಲ್ಲಿ ತೆರೆ ನೋಡುತ್ತ ಕೂತಿದ್ದ. ತೆರೆಯ ಮೇಲೆ ಎರಡು ಗಿಣಿ ಬಂದು ನಿಂತಿದ್ದವು, ಮೂರನೆಯದರ ಜಾಗ ಖಾಲಿ. ಸ್ವಲ್ಪ ಹೊತ್ತಿಗೆ ಪರಶುರಾಂಪುರದಿಂದ ಆ ತುಂಡು ಬಂತು. ಕಾಲು ಎತ್ತಿಕೊಂಡೇ ಬಂತು. ಆ ದಿನ ಅವನಿಗೆ ಆದ ಸಂತೋಷವನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಗಿಣಿಗಳನ್ನು ತೆಗೆಯುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಪ್ರೋಗ್ರಾಂ ಇದ್ದ ಪ್ರತಿಯೊಂದು ಯಂತ್ರದಲ್ಲೂ, ಪ್ರತಿಯೊಂದು ಸಿ.ಡಿ.ಯಲ್ಲೂ ಪಾಲಮ್ಮನ ಅಂಚು ಇಡಿಯಾಗಿ ಉಳಿಯಿತು.

ಗಂಡಿನ ಕಡೆಯವರು ಆ ಗಿಣಿ ಸೀರೆಗಳನ್ನೇ ಕಟ್ಟಿಸಿಕೊಂಡು ಹೋಟೆಲಿಗೆ ಹೊರಟಾಗ ನಾಗರತ್ನ ಅಂಗಡಿಯ ಮೆಟ್ಟಿಲ ಬಳಿ ಹಿಂದೆ ಉಳಿದಳು. ಅವಳ ಕೈಯಲ್ಲಿ ಯಾವ ಕವರೂ ಇರಲಿಲ್ಲ.

"ಮಾವ, ಅದು ನಮ್ದು," ಎಂದಳು.

"ಹೂಂ."

"ಹೆಂಗ್ ಬಂತು?"

ಅವನು ಹೇಳಿದ. ಅವಳು ಸಂಘದ ಕಚೇರಿಯಲ್ಲೇ ಕಂಪ್ಯೂಟರ್ ಕಲಿತವಳು, ಅವನು ಅರ್ಧ ಹೇಳುವಷ್ಟರಲ್ಲಿ ಅವಳಿಗೆ ಪೂರ್ತಿ ತಿಳಿದಿತ್ತು. ಅವಳು ಸಿಟ್ಟಾಗಲಿಲ್ಲ. ಎಣ್ಣೆ ಗಿರಣಿಯ ಕಡೆಯಿಂದ ಹಿಂಡಿಯ ಮೂಟೆ ಹೇರಿಕೊಂಡು ಬಂದ ಟ್ರಾಕ್ಟರೊಂದಕ್ಕೆ ದಾರಿ ಬಿಟ್ಟು ಒಂದು ಮೆಟ್ಟಿಲು ಮೇಲೆ ಸರಿದಳು.

"ಅವ್ವಂಗೆ ನಾನ್ ಹೇಳಾಕಿಲ್ಲ, ನೀನೇ ಹೇಳ್ಬೇಕು," ಎಂದಳು. "ಮಗ್ಗದ ಮ್ಯಾಲೆ ಹಾಸಿನ ನೂಲು ಇನ್ನೊಂದ್ ಸೀರೆಗಾಗೋ ಅಷ್ಟೈತೆ. ಮದ್ವಿಗೂ ದಿನ ಐತೆ. ಈಗ ತಿಳಿದ್ರೆ ಬ್ಯಾರೆ ಅಂಚು ಹಾಕ್ತಾಳೋ, ಇದ್ನೇ ಉಡಿಸ್ತಾಳೋ, ಏನೋ ಒಂದು ಅವ್ಳೇ ನೋಡ್ಕಂತಾಳೆ. ಇವ್ರೆಲ್ಲ ಮೈ ತುಂಬ ಉಟ್ಕಂಡು ಬಂದ್ ಮ್ಯಾಲೆ ತಿಳೀಬಾರ್ದು."

ಮರುದಿನವೇ ಹೋಗುತ್ತೇನೆ ಎಂದು ಅವನು ಮಾತು ಕೊಟ್ಟ.

ಮರುದಿನ ಅವನು ಹೋದದ್ದು ಪರಶುರಾಂಪುರಕ್ಕೆ. ಮೊದಲು ಎಲ್ಲವನ್ನೂ ತಿಳಿದುಕೊಂಡು ಆಮೇಲೆ ಅಕ್ಕನ ಮುಂದೆ ನಿಲ್ಲಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಜಂಪಣ್ಣನ ಬೂತಿನಲ್ಲಿ ಈರುಳ್ಳಿ ವ್ಯಾಪಾರಿಯೊಬ್ಬ ಬೆಂಗಳೂರಿನ ಮಂಡಿಗೆ ಫೋನು ಹಚ್ಚಿ ತೆಲುಗು, ಕನ್ನಡ ಎರಡರಲ್ಲೂ ಬಯ್ಯುತ್ತಿದ್ದ. ಅವನು ಹೋದ ಮೇಲೆ ಪಾಲಾಕ್ಷ ವಿಷಯ ಕೇಳಿದ. ಜಂಪಣ್ಣನಿಗೆ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಹೋದ ವರ್ಷ ಗಡಿಯಾಚೆಯ ಒಬ್ಬರು ಜೆರಾಕ್ಸಿಗೆ ಬಂದಿದ್ದರು, ಪವರ್‌ಲೂಮ್ ಇಟ್ಟುಕೊಂಡವರು. ಕಂಪ್ಯೂಟರಿನಲ್ಲಿ ಗಿಣಿ ನೋಡಿ ಇಷ್ಟಪಟ್ಟರು. ಅದರ ಜೊತೆಗೇ ಇಡೀ ಸಿ.ಡಿ. ಬರೆದುಕೊಟ್ಟೆ, ಒಂದು ಪೈಸೆಯನ್ನೂ ಇಸಿದುಕೊಳ್ಳಲಿಲ್ಲ ಎಂದು ಹೆಮ್ಮೆಯಿಂದ ಹೇಳಿದ.

"ನೀವೇ ಹೇಳಿದ್ರಲ್ಲ ಸಾರ್, ಯಾರ್ ಬೇಕಾದ್ರೂ ತಗಂಡು ಬಳಸ್ಕಬೋದು ಅಂತ."

ಪಾಲಾಕ್ಷ ತಾನು ಹೇಳಿದ್ದು ಆ ಬಿಡಿಭಾಗಗಳ ಬಗ್ಗೆ ಎನ್ನಲು ಬಾಯಿ ತೆರೆದ. ಜಂಪಣ್ಣನ ಮುಖದಲ್ಲಿ ಯಾವ ಕಪಟವೂ ಕಾಣಲಿಲ್ಲ. ಆ ಹಂಚಿಕೆಯಲ್ಲಿ ಗಿಣಿಯೂ ಒಂದು ಭಾಗವೇ ಆಗಿತ್ತು. ಎಲ್ಲ ಕಡೆ ಅಳಿಸಿಬಿಡಬೇಕು ಎಂದಷ್ಟೇ ಹೇಳಿದ.

"ಅಳ್ಸಾಣ ಬಿಡ್ರಿ, ಅದೇನ್ ದೊಡ್ದು," ಎಂದ ಜಂಪಣ್ಣ ನಗುತ್ತ. "ಆದ್ರೆ ಸಾರ್, ಊರ್ ಹೆಂಗಸ್ರು ಉಟ್ಕಂಡಿರಾದ್ನ ಕಂಪ್ಯೂಟರ್‌ನಾಗೆ ಅಳ್ಸಿದ್ರೆ ಏನ್ ಬಂತು?"

ಆದರೂ ಅಳಿಸಿದರು. ಆ ಯಂತ್ರದಲ್ಲಿ ಗಿಣಿಗಳು ಹೋದ ಮೇಲೆ ಪರೀಕ್ಷೆಯ ಭಾಗ ತನಗೆ ನಮೂನೆ ಸಿಗಲಿಲ್ಲವೆಂದು ಒಂದೇ ಸಾಲಿನಲ್ಲಿ ತಿಳಿಸಿ ನಿಂತುಬಿಟ್ಟಿತು.

ಅಲ್ಲಿಂದ ಎರಡು ದಿನ ಬಿಟ್ಟು ಅವನು ಮೊಳಕಾಲ್ಮುರಿನ ಬಸ್ಸು ಹತ್ತಿದ. ತಳಕು ದಾಟುವ ತನಕ ಏನು ಹೇಳಬೇಕೆಂದು ಮಾತು ಜೋಡಿಸಿದ, ಬಿ.ಜಿ.ಕೆರೆ ಬರುವಷ್ಟರಲ್ಲಿ ಅವು ತಾವಾಗಿಯೇ ಕಳಚಿ ಬಿದ್ದವು. ತಪ್ಪು ಒಪ್ಪಿಕೊಳ್ಳುವುದು ಕಷ್ಟವಾಗಿರಲಿಲ್ಲ. ಕಾಗದ ತಂದುಕೊಟ್ಟಿದ್ದೆಯಲ್ಲ ಎಂದು ಅಕ್ಕ ಕೇಳಿದರೆ ಅದನ್ನು ಬಿಡಿಸಿ ಹೇಳುವುದು ಹೇಗೆ ಎಂಬುದೇ ಅವನಿಗೆ ಬಗೆಹರಿಯಲಿಲ್ಲ. ಒಂದು ವಸ್ತು ಮನೆಯಲ್ಲೇ ಇದ್ದೂ ಎಲ್ಲ ಕಡೆ ಹೋಗಿದೆ ಎಂದು ಅವಳಿಗೆ ಹೇಳಬೇಕಿತ್ತು. ಬೀದಿಗೆ ತಿರುಗುವಾಗಲೇ ಮಗ್ಗದ ಸದ್ದು ಕೇಳಿಸಿತು. ಆ ಬೀದಿಯ ಎಲ್ಲ ಮಗ್ಗಗಳ ನಡುವೆಯೂ ಅಕ್ಕನ ಮಗ್ಗ ಯಾವುದೆಂದು ಅವನಿಗೆ ತಿಳಿಯುತ್ತಿತ್ತು.

ಹೊನ್ನಕ್ಕ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಕುಂಕುಮದ ಬಣ್ಣದ ರೇಷ್ಮೆ, ಹಸಿರು ಅಂಚು. ಹತ್ತಿರ ಹೋದರೂ ತಲೆ ಎತ್ತದೆ, ಲಾಳಿ ಆ ಕಡೆಯಿಂದ ಈ ಕಡೆ ಬಂದ ಮೇಲೆಯೇ ನಿಲ್ಲಿಸಿದಳು.

"ಯಾಕ್ಲಾ, ಮದ್ವಿ ನಿಂದೇನೋ ಅನ್ನಂಗೆ ಸೊರಗಿದ್ದಿ?" ಎಂದಳು. ಒಳಗೆ ಹೋಗಿ ಚಹಾ ಇಟ್ಟು ತಂದಳು. ಇಷ್ಟು ದಿನ ಕೂತು ನೇಯ್ದು ಸೊಂಟ ಹಿಡಿದಿದೆ, ಗಂಡ ಎರ್ರಿಸ್ವಾಮಿ ಲಗ್ನಪತ್ರಿಕೆ ಹಂಚಲು ಹೋದವನು ಗೌರಸಮುದ್ರದಲ್ಲೇ ಉಳಿದುಕೊಂಡಿದ್ದಾನೆ, ಬಂದರೆ ಅವನನ್ನೂ ಹಾಸಿನ ನೂಲಿಗೆ ಸುತ್ತಿ ನೇಯ್ದುಬಿಡುತ್ತೇನೆ ಎಂದೆಲ್ಲ ಹೇಳಿ ತಾನೇ ನಕ್ಕಳು. ಅವಳು ಇಷ್ಟು ಮಾತಾಡಿದ್ದನ್ನು ಪಾಲಾಕ್ಷ ಬಹಳ ವರ್ಷಗಳಿಂದ ಕೇಳಿರಲಿಲ್ಲ. ನೇಯ್ದಷ್ಟು ಸೀರೆ ಅವಳ ಹೊಟ್ಟೆಯ ಮುಂದಿನ ದಿಂಡಿಗೆ ಸುತ್ತಿಕೊಂಡಿತ್ತು. ಗಿಣಿಗಳು ಒಳಗೊಳಗೆ ಮಡಿಸಿಕೊಂಡು, ಕೊನೆಯ ಸಾಲೊಂದೇ ಕಾಣುತ್ತಿತ್ತು. ಆ ಸಾಲನ್ನು ಅವಳು ಮಾತಿನ ನಡುವೆ ಅಂಗೈಯಿಂದ ಒತ್ತಿ ಒತ್ತಿ ನೇರ ಮಾಡುತ್ತಿದ್ದಳು.

ಅವನು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಮಾತು ಎಲ್ಲಿಂದ ತೆಗೆಯಲಿ ಎನ್ನುವಷ್ಟರಲ್ಲಿ ಅವಳೇ ದಾರಿ ತೆರೆದಳು.

"ಅಂಗಡಿನಾಗೆ ಗೀತಮ್ಮೋರು ಏನ್ ತಗಂಡ್ರು? ನಮ್ ಹುಡ್ಗೀನ ಕೇಳಿದ್ರೆ ನಿನ್ ತಮ್ಮುನ್ನೇ ಕೇಳು ಅಂತಾಳೆ."

ಹೊರಗೆ ಯಾರೋ ಹಾಸಿನ ನೂಲಿಗೆ ಗಂಜಿ ಹಚ್ಚುತ್ತಿದ್ದರು. ಕುಂಚದ ಸದ್ದು ಉದ್ದಕ್ಕೆ ಹೋಗಿ ಉದ್ದಕ್ಕೆ ಬರುತ್ತಿತ್ತು. ಅಕ್ಕನ ಕೈ ಇನ್ನೂ ಆ ಕೊನೆಯ ಸಾಲಿನ ಮೇಲಿತ್ತು.

"ಪಾಲಿಯೆಸ್ಟರ್," ಎಂದ ಪಾಲಾಕ್ಷ. "ಹೂವಿನವು."

"ತಗಳ್ಳಿ ಬಿಡು, ಹೊಲದ ಕೆಲ್ಸಕ್ಕೆ ಅವೇ ಸೈ," ಎಂದು ಹೊನ್ನಕ್ಕ ಮತ್ತೆ ಗುಂಡಿಗೆ ಕಾಲು ಇಳಿಸಿದಳು.

ಅವನು ಚಹಾ ಮುಗಿಸಿದ. ಇನ್ನೂ ಸ್ವಲ್ಪ ಹೊತ್ತು ಕೂತ. ಮಗ್ಗದ ಮೇಲೆ ಕಾರ್ಡುಗಳ ಸರ ಒಂದೊಂದೇ ತಿರುಗಿ ಕೆಳಗಿಳಿಯುತ್ತಿತ್ತು. ಹೊರಡುವಾಗ ಅವಳು ಎದ್ದು ಬಾಗಿಲ ತನಕ ಬಂದು, ಮದುವೆಗೆ ಮುಂಚಿನ ದಿನವೇ ಬಾ, ಸೋದರಮಾವ ಇಲ್ಲದೆ ಹುಡುಗಿ ಹೊಸಿಲು ದಾಟುವಂತಿಲ್ಲ ಎಂದಳು. ನಾಗರತ್ನ ನೀರಿನ ಕೊಡ ಹೊತ್ತು ಎದುರಿಗೆ ಬಂದಳು. ಅವನ ಮುಖವನ್ನು ಒಮ್ಮೆ ನೋಡಿ, ಕೊಡ ಇಳಿಸಲು ಒಳಗೆ ಹೋದಳು.

ಮುಂದಿನ ವಾರಗಳಲ್ಲಿ ಅವನು ಸಂಘದ ಯಂತ್ರಗಳಲ್ಲಿ, ಕಾಲೇಜಿನ ಯಂತ್ರಗಳಲ್ಲಿ, ಯಾರ ಯಾರ ಬಳಿ ಸಿ.ಡಿ. ಇತ್ತೋ ಅವರಲ್ಲೆಲ್ಲ ಗಿಣಿಗಳನ್ನು ಅಳಿಸುತ್ತ ತಿರುಗಿದ. ಆ ಜಾಗದಲ್ಲಿ ಗೆರೆ, ಚೌಕಗಳನ್ನು ಕೂರಿಸಿದ. ಅವನ್ನು ಬರೆಯಲು ಒಂದು ಮಧ್ಯಾಹ್ನವೂ ಹಿಡಿದಿರಲಿಲ್ಲ. ಮೊದಲೇ ಮಾಡಬಹುದಿತ್ತು ಎಂಬುದು ಮಾಡಿದ ಮೇಲೆ ಇನ್ನೂ ಸ್ಪಷ್ಟವಾಯಿತು. ಬಸ್ಸುಗಳಲ್ಲಿ, ಕಡಲೆಕಾಯಿ ಬಿಡಿಸುವ ಕಣಗಳಲ್ಲಿ ಅವನ ಕಣ್ಣು ಹೆಂಗಸರ ಕಾಲಿನ ಬಳಿಗೆ ಹೋಗುತ್ತಿತ್ತು. ನೋಡಿದ ಮೇಲೆ ನಾಚಿಕೆಯಾಗಿ ಬೇರೆ ಕಡೆ ತಿರುಗುತ್ತಿದ್ದ. ಗಂಡಿನ ಮನೆಯವರು ಮದುವೆಯ ದಿನ ಬೇರೆ ಸೀರೆ ಉಟ್ಟಾರು ಎಂಬ ಒಂದು ಆಸೆಯನ್ನು ಅವನು ಕೊನೆಯ ತನಕ ಇಟ್ಟುಕೊಂಡಿದ್ದ.

ಮದುವೆ ಮೊಳಕಾಲ್ಮುರಿನ ಸಮುದಾಯ ಭವನದಲ್ಲಿ. ಬೆಳಿಗ್ಗೆ ದಿಬ್ಬಣದ ಟೆಂಪೊ, ಟ್ರಾಕ್ಟರುಗಳು ಬಂದು ನಿಂತವು. ಮದುಮಗ ಮಾರುತಿಯ ಹಿಂದೆ ಗೀತಮ್ಮ, ಅವರ ಹಿಂದೆ ನಾದಿನಿ, ಓರಗಿತ್ತಿಯರು. ನೀಲಿ, ಅರಿಸಿನ, ಕೆಂಪು, ಬದನೆಕಾಯಿ ಬಣ್ಣ, ಎಲ್ಲರದ್ದೂ ಅದೇ ಗಿಣಿಗಳ ಹಸಿರು ಅಂಚು. ಹೊಸ ಸೀರೆಯ ಮಡಿಕೆಗಳು ಇನ್ನೂ ಬಿಟ್ಟಿರಲಿಲ್ಲ. ಹೊನ್ನಕ್ಕ ಬಾಗಿಲಲ್ಲಿ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಪಾಲಾಕ್ಷ ಕಂಬದ ಪಕ್ಕದಲ್ಲಿದ್ದ. ಅವಳು ಗೀತಮ್ಮನಿಗೆ ಇಟ್ಟಳು, ಮೂಗಮ್ಮನಿಗೆ ಇಟ್ಟಳು, ಕಾಲಿಗೆ ನೀರು ಕೊಡಲು ಬಗ್ಗಿದಳು. ಬಗ್ಗಿದವಳು ಏಳಲು ಸ್ವಲ್ಪ ತಡವಾಯಿತು, ಅಷ್ಟೆ. ಎದ್ದು ಮುಂದಿನವರಿಗೆ ಇಟ್ಟಳು. ಎಲ್ಲರನ್ನೂ ಒಳಗೆ ಕರೆದಳು. ಅವಳ ದನಿಯಲ್ಲಿ ಏನೂ ಬದಲಾಗಿರಲಿಲ್ಲ. ತಮ್ಮನ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಮುಹೂರ್ತಕ್ಕೆ ಮುಂಚೆ ಸೋದರಮಾವ ಬಂದು ಹುಡುಗಿಯನ್ನು ಕರೆದುಕೊಂಡು ಹೋಗಲಿ ಎಂದು ಕೂಗಿದರು. ಅವನು ಒಳಗಿನ ಕೋಣೆಗೆ ಹೋದ. ನಾಗರತ್ನ ಧಾರೆ ಸೀರೆ ಉಟ್ಟು, ತಲೆ ಬಗ್ಗಿಸಿ ಕೂತಿದ್ದಳು. ಹೊನ್ನಕ್ಕ ನೆಲದ ಮೇಲೆ ಕೂತು ಮಗಳ ನಿರಿಗೆ ಸರಿ ಮಾಡುತ್ತಿದ್ದಳು. ಬೇರೆ ಹೆಂಗಸರು ಹೊರಗೆ ಹೋಗಿದ್ದರು. ನಿರಿಗೆಯ ಮೇಲೆ ಗಿಣಿಗಳು ಒಂದರ ಮೇಲೊಂದು ಕೂತು, ಬಿಡಿಸಿದಾಗ ಸಾಲಾಗುತ್ತಿದ್ದವು. ಹೊನ್ನಕ್ಕ ಕೈ ನಿಲ್ಲಿಸದೆಯೇ ಮಾತಾಡಿದಳು.

"ಹೂವಿನವು ಅಂದಿದ್ದಿ."

ಪಾಲಾಕ್ಷ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಕಾಗ್ದ ಇಸ್ಕಂಡು ಹೋಗಿದ್ದಿ, ಎಲ್ಲೋ ತಪ್ತು, ಆತು," ಎಂದಳು. "ನಾನೇನ್ ಹೊಡೀತಿದ್ನಾ? ಇನ್ನೊಂದ್ ಸೀರೆಗೆ ಹಾಸು ಇತ್ತು ಪಾಲಾಕ್ಷ. ಮದ್ವಿಗೆ ದಿನಾನೂ ಇತ್ತು. ಮಗ್ಗದ ತಾವ ಕುಂತು, ಚಾ ಕುಡ್ದು, ಹೂವಿನವು ಅಂದು ಎದ್ದೋದೆ."

ಅಳಿಸಿದ್ದೇನೆ ಅಕ್ಕಾ, ಎಲ್ಲ ಕಡೆಯೂ ಅಳಿಸಿದ್ದೇನೆ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು, ಆ ಕೋಣೆಯಲ್ಲಿ ಅದನ್ನು ಹೇಳಲಾರದೆ ಹಿಂದಕ್ಕೆ ಹೋಯಿತು. ನಾಗರತ್ನ ತಲೆ ಎತ್ತಲಿಲ್ಲ. ಹೊನ್ನಕ್ಕ ಮೊಣಕಾಲಿಗೆ ಕೈಯೂರಿ ಎದ್ದಳು. ಮಗಳ ಕೈಯನ್ನು ತೆಗೆದು ಅವನ ಕೈಯಲ್ಲಿಟ್ಟಳು.

"ನಡಿ, ಕರ್ಕಂಡೋಗು. ಮೂರ್ತ ಮೀರ್ತೈತೆ."

ಧಾರೆ ಮುಗಿಯಿತು. ಅಕ್ಷತೆ ಬಿತ್ತು. ಊಟದ ಮೊದಲ ಪಂಕ್ತಿ ಏಳುವ ಹೊತ್ತಿಗೆ ಫೋಟೊದವನು ಗಂಡಿನ ಕಡೆಯ ಹೆಂಗಸರನ್ನೆಲ್ಲ ಮಂಟಪದ ಮೇಲೆ ಹತ್ತಿಸಿದ. ನಡುವೆ ಮದುಮಗಳು, ಎರಡೂ ಪಕ್ಕದಲ್ಲಿ ಬಣ್ಣ ಬಣ್ಣದ ಸೀರೆಗಳು. ಮೂಗಮ್ಮ ತಮ್ಮ ಸೆರಗಿನ ತುದಿಯನ್ನು ನಾಗರತ್ನಳ ಸೆರಗಿನ ಪಕ್ಕಕ್ಕೆ ಹಿಡಿದು, ಎರಡನ್ನೂ ಒಂದೇ ಅಂಗೈಯಲ್ಲಿಟ್ಟುಕೊಂಡು ನೋಡಿದರು. ಅವರ ಮುಖ ಅರಳಿತು.

"ನೋಡ್ರೇ, ಹುಡ್ಗಿ ನಮ್ ಮನೇದೇ ಉಟ್ಕಂಡು ಬಂದವ್ಳೆ," ಎಂದರು.

ಹೆಂಗಸರೆಲ್ಲ ಬಗ್ಗಿ ನೋಡಿದರು. ನಾಗರತ್ನ ನಕ್ಕಳು. ಆ ನಗುವಿನಲ್ಲಿ ಹುಸಿ ಇತ್ತೋ ಇಲ್ಲವೋ ಕೆಳಗೆ ನಿಂತಿದ್ದ ಪಾಲಾಕ್ಷನಿಗೆ ತಿಳಿಯಲಿಲ್ಲ. ಫೋಟೊದವನು ಎಲ್ಲರನ್ನೂ ನೆಟ್ಟಗೆ ನಿಲ್ಲಿಸಿ, ಕಣ್ಣು ಮಿಟುಕಿಸಬೇಡಿ ಎಂದು ಕ್ಯಾಮೆರಾ ಎತ್ತಿದ. ಅಷ್ಟರಲ್ಲಿ ಹೊನ್ನಕ್ಕ ಮಂಟಪದ ಮೆಟ್ಟಿಲು ಹತ್ತಿ ಬಂದಳು. ಮೂಗಮ್ಮನ ಸೀರೆಯ ಅಂಚು ಪಾದದ ಬಳಿ ಮಡಿಸಿಕೊಂಡು ಹಿಂದುಮುಂದಾಗಿತ್ತು. ಹೊನ್ನಕ್ಕ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಡಿಸಿಕೊಂಡದ್ದನ್ನು ಬೆರಳಿನಿಂದ ಬಿಡಿಸಿದಳು. ಹೊಸ ಬಟ್ಟೆ, ಮತ್ತೆ ಸುರುಳಿಕೊಂಡಿತು. ಅವಳು ಇನ್ನೊಮ್ಮೆ ಬಿಡಿಸಿ, ಅಂಗೈಯನ್ನು ಅಂಚಿನ ಮೇಲಿಟ್ಟು ಒತ್ತಿ ನೇರ ಮಾಡತೊಡಗಿದಳು. ಫೋಟೊದವನು ಪಕ್ಕಕ್ಕೆ ಬರ್ರಿ ಅಕ್ಕಾರೇ ಎಂದ. ಕ್ಯಾಮೆರಾ ಇಳಿಸಿ ಕಾದ. ಮಂಟಪದ ಮೇಲಿದ್ದವರೆಲ್ಲ ಉಸಿರು ಬಿಗಿಹಿಡಿದು, ನಗುವನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದರು. ಹೊನ್ನಕ್ಕ ಅವಸರ ಮಾಡಲಿಲ್ಲ.